ಬಯೋಸ್, ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್: ಕಲಬುರಗಿಯ ಅಸೆಂಬಲ್ ಪಿಸಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಬಿಡಿಭಾಗ ಕೊಂಡು ಪಿಸಿ ಕಟ್ಟಿಸಿಕೊಂಡವರು ಕಡಿಮೆ ಇಲ್ಲ. ಡಿಟಿಪಿ ಅಂಗಡಿಯವರು, ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರು, ಇಂಜಿನಿಯರಿಂಗ್ ಹುಡುಗರು, ರಾತ್ರಿಯೆಲ್ಲ ಗೇಮ್ ಆಡುವವರು. ಬೋರ್ಡ್ ಸೂಪರ್ ಮಾರ್ಕೆಟ್ ಕಡೆ ಕೊಂಡಿದ್ದು, ಗ್ರಾಫಿಕ್ಸ್ ಕಾರ್ಡ್ ಸಿಕಂದರಾಬಾದಿನ ಕಂಪ್ಯೂಟರ್ ಮಾರುಕಟ್ಟೆ ಸಿಟಿಸಿಯಿಂದ ತಂದಿದ್ದು, ರ‍್ಯಾಮ್ ಆನ್‌ಲೈನ್‌ನಲ್ಲಿ ತರಿಸಿದ್ದು. ಬ್ರ್ಯಾಂಡೆಡ್ ಪಿಸಿ ಆದರೆ ಕಂಪನಿಯ ಒಂದೇ ಆ್ಯಪ್ ಎಲ್ಲ ಅಪ್‌ಡೇಟನ್ನೂ ತಂದು ಕೊಡುತ್ತದೆ. ಅಸೆಂಬಲ್ ಪಿಸಿಗೆ ಆ ಸೌಕರ್ಯ ಇಲ್ಲ. ಯಾವ ಭಾಗಕ್ಕೆ ಯಾವ ಅಪ್‌ಡೇಟ್, ಯಾವುದು ಮೊದಲು ಅನ್ನೋದನ್ನು ಯಜಮಾನರೇ ನೋಡಿಕೊಳ್ಳಬೇಕು. ನಮ್ಮ ರಿಪೇರಿ ಬೆಂಚಿಗೆ ಬರುವ ಸಿಸ್ಟಮ್‌ಗಳಲ್ಲಿ ಅಪ್‌ಡೇಟ್ ಮಾಡದೆ ಕೆಟ್ಟವಕ್ಕಿಂತ ಬೇಡದ ಅಪ್‌ಡೇಟ್ ಮಾಡಿ ಕೆಟ್ಟವೇ ಜಾಸ್ತಿ. ಅದಕ್ಕೇ ಇಷ್ಟು ಬರೆದಿದ್ದೇವೆ.

ಬಯೋಸ್, ಫರ್ಮ್‌ವೇರ್, ಡ್ರೈವರ್ ಎಲ್ಲ ಒಂದೇ ಅಲ್ವಾ?

ಅಲ್ಲ. ಫರ್ಮ್‌ವೇರ್ ಅಂದರೆ ಹಾರ್ಡ್‌ವೇರನ್ನು ನಡೆಸುವ ಸಾಫ್ಟ್‌ವೇರ್, ಅದು ಹಾರ್ಡ್‌ವೇರಿನ ಚಿಪ್‌ನಲ್ಲೇ ಕೂತಿರುತ್ತದೆ. ಮದರ್‌ಬೋರ್ಡ್‌ನ ಫರ್ಮ್‌ವೇರೇ ಬಯೋಸ್. ವಿಂಡೋಸ್ ಫಾರ್ಮ್ಯಾಟ್ ಹೊಡೆದರೂ ಅದು ಅಳಿಸುವುದಿಲ್ಲ. ಗ್ರಾಫಿಕ್ಸ್ ಕಾರ್ಡ್‌ಗೂ ಎಸ್‌ಎಸ್‌ಡಿಗೂ ತಮ್ಮದೇ ಫರ್ಮ್‌ವೇರ್ ಇರುತ್ತದೆ. ಡ್ರೈವರ್ ಹಾಗಲ್ಲ, ಅದು ವಿಂಡೋಸ್ ಒಳಗೆ ಇರುವ ಸಾಫ್ಟ್‌ವೇರ್. ವಿಂಡೋಸ್ ಹೋದರೆ ಅದೂ ಹೋಯಿತು.

ತೊಂದರೆ ಯಾವ ಕಡೆ ಇದೆ ಎಂದು ತಿಳಿಯಲು ಇದು ಸಾಕು. ಪವರ್ ಒತ್ತಿದರೆ ಬೋರ್ಡ್‌ನ ಲೋಗೊ ಕೂಡ ಬರುತ್ತಿಲ್ಲವೇ? ಹಾಗಾದರೆ ವಿಂಡೋಸ್ ಡ್ರೈವರ್‌ಗೂ ಅದಕ್ಕೂ ಸಂಬಂಧ ಇಲ್ಲ. ಲೋಗೊ ಬಂತು, ತಿರುಗುವ ಚುಕ್ಕೆಗಳೂ ಬಂದವು, ಲಾಗಿನ್ ಆಗುವ ಹೊತ್ತಿಗೆ ಕಪ್ಪಾಯಿತು ಅಂದರೆ ಡ್ರೈವರ್ ಮೇಲೆ ಅನುಮಾನ ಪಡಿ.

ಹೊಸ ಬಯೋಸ್ ಬಂದಿದೆ ಅಂತ ತೋರಿಸ್ತಿದೆ. ಹಾಕಲೇಬೇಕಾ?

ಸಿಸ್ಟಮ್ ಚೆನ್ನಾಗಿ ನಡೆಯುತ್ತಿದ್ದರೆ ಸುಮ್ನೆ ಹೊಸದು ಅಂತ ಹಾಕಬೇಡಿ. ಕಾರಣ ಇದ್ದರೆ ಮಾತ್ರ ಹಾಕಿ. ನಮ್ಮ ಅನುಭವದಲ್ಲಿ ಸರಿಯಾದ ಕಾರಣ ಇಷ್ಟೇ.

ಹೊಸ ಪ್ರೊಸೆಸರ್ ಹಾಕುತ್ತಿದ್ದೀರಿ, ಹಳೆಯ ಬಯೋಸ್‌ಗೆ ಅದರ ಗುರುತು ಇಲ್ಲ. ಇಂಟೆಲ್ 13 ಅಥವಾ 14ನೇ ತಲೆಮಾರಿನ ಪ್ರೊಸೆಸರ್ ಇದೆ. ಇದಕ್ಕೆ ಕೆಳಗೆ ಬೇರೆ ಉತ್ತರವೇ ಇದೆ. ಎಎಂಡಿಯ ಎಎಂ5 ಸಾಕೆಟ್‌ನ ಬೋರ್ಡ್ ಇದೆ, ಬಯೋಸ್ 2023ರ ಮೇ ತಿಂಗಳಿಗಿಂತ ಹಳೆಯದು. ಆ ವರ್ಷ ರೈಜೆನ್ 7000 ಸರಣಿಯ ಎಕ್ಸ್3ಡಿ ಪ್ರೊಸೆಸರ್‌ಗಳು ಕೆಲವು ಸುಟ್ಟುಹೋದವು. ಆಮೇಲೆ ಎಎಂಡಿಯವರು ಎಸ್‌ಒಸಿ ವೋಲ್ಟೇಜನ್ನು (ಪ್ರೊಸೆಸರ್‌ನ ಮೆಮೊರಿ ನಿಯಂತ್ರಕ ಇರುವ ಭಾಗದ ವೋಲ್ಟೇಜ್) 1.3 ವೋಲ್ಟ್‌ಗೆ ಮಿತಿ ಹಾಕಿದ ಬಯೋಸ್ ಕೊಡಿಸಿದರು. ಅದು ಇರಲೇಬೇಕು. ಇಂಟೆಲ್ ಆರ್ಕ್ ಕಾರ್ಡ್ ಕೊಂಡಿದ್ದೀರಿ, ಬೋರ್ಡ್‌ನಲ್ಲಿ ರೀಸೈಜಬಲ್ ಬಾರ್ (ಪ್ರೊಸೆಸರ್‌ಗೆ ಕಾರ್ಡ್‌ನ ಮೆಮೊರಿ ಪೂರ್ತಿ ಒಮ್ಮೆಗೇ ಕಾಣುವಂತೆ ಮಾಡುವ) ಆಯ್ಕೆ ಇಲ್ಲ. ಅದಿಲ್ಲದೆ ಆರ್ಕ್ ಕಾರ್ಡ್ ತುಂಬಾ ಸೊರಗುತ್ತದೆ. ಇನ್ನು ಡಿಡಿಆರ್5 ರ‍್ಯಾಮ್ ಬರೆದ ವೇಗಕ್ಕೆ ನಿಲ್ಲುತ್ತಿಲ್ಲ ಅನ್ನೋದೂ ನ್ಯಾಯವಾದ ಕಾರಣವೇ.

ಇವು ಯಾವುವೂ ಇಲ್ಲದೆ 'ಗೇಮ್‌ನಲ್ಲಿ ಎಫ್‌ಪಿಎಸ್ ಹೆಚ್ಚಾಗುತ್ತೇನೋ' ಅಂತ ಹಾಕುವವರು ತುಂಬಾ. ಸಾಮಾನ್ಯವಾಗಿ ಏನೂ ಹೆಚ್ಚಾಗುವುದಿಲ್ಲ.

ನಂದು ಐ7 13ನೇ ಜನರೇಶನ್. ಗೇಮ್ ಶುರುವಾಗೋವಾಗ 'ಔಟ್ ಆಫ್ ವಿಡಿಯೊ ಮೆಮೊರಿ' ಬರುತ್ತೆ. ಕಾರ್ಡ್ ಕೆಟ್ಟಿದೆಯಾ?

ಕಾರ್ಡ್ ಕೆಟ್ಟಿರಲಿಕ್ಕಿಲ್ಲ. ಸಂದೇಶ ಗ್ರಾಫಿಕ್ಸ್ ಕಾರ್ಡನ್ನು ದೂರುತ್ತದೆ, ತಪ್ಪು ಪ್ರೊಸೆಸರ್‌ನದ್ದಾಗಿರಬಹುದು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ 65 ವ್ಯಾಟ್ ಮತ್ತು ಅದಕ್ಕೂ ಮೇಲಿನ ಹಲವು ಮಾದರಿಗಳಿಗೆ ಈ ಕಾಯಿಲೆ ಇತ್ತು. ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಹೋಗಿ ಪ್ರೊಸೆಸರ್ ನಿಧಾನವಾಗಿ ಸವೆಯುತ್ತಿತ್ತು. ಗೇಮ್ ಮೊದಲ ಸಲ ಶೇಡರ್ (ಬೆಳಕು, ಬಣ್ಣ ಬಿಡಿಸುವ ಪುಟ್ಟ ಪ್ರೋಗ್ರಾಂಗಳು) ತಯಾರಿಸುವಾಗ ಪ್ರೊಸೆಸರ್ ಮೇಲೆ ಭಾರ ಬೀಳುತ್ತದೆ. ಅಲ್ಲೇ ಎಡವುತ್ತದೆ.

ಇಂಟೆಲ್ 2024ರ ಆಗಸ್ಟ್‌ನಲ್ಲಿ 0ಎಕ್ಸ್129 ಎಂಬ ಮೈಕ್ರೋಕೋಡ್, ಅಂದರೆ ಪ್ರೊಸೆಸರ್ ಒಳಗಿನ ಪುಟ್ಟ ಪ್ರೋಗ್ರಾಂ, ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಬಂತು. ಇವು ಬಯೋಸ್ ಅಪ್‌ಡೇಟ್ ಜೊತೆಗೇ ಬರುತ್ತವೆ. 0ಎಕ್ಸ್12ಬಿ ಅಥವಾ ಅದಕ್ಕಿಂತ ಹೊಸದು ಇಲ್ಲದಿದ್ದರೆ ಇವತ್ತೇ ಹಾಕಿ. 'ಕಾರಣ ಇಲ್ಲದೆ ಬೇಡ' ಎಂದು ಮೇಲೆ ಹೇಳಿದ್ದು ಇಲ್ಲಿ ನಡೆಯುವುದಿಲ್ಲ. ಆದರೆ ಒಂದು ಮಾತು: ಅಪ್‌ಡೇಟ್ ಸವೆತವನ್ನು ತಡೆಯುತ್ತದೆ, ಆಗಲೇ ಸವೆದಿದ್ದನ್ನು ಸರಿ ಮಾಡುವುದಿಲ್ಲ. ಹಾಕಿದ ಮೇಲೂ ಅದೇ ತೊಂದರೆ ಇದ್ದರೆ ಬಿಲ್ ಹುಡುಕಿ. ಈ ಪ್ರೊಸೆಸರ್‌ಗಳ ಬಾಕ್ಸ್ ಪ್ಯಾಕ್‌ಗೆ ಇಂಟೆಲ್ ವಾರಂಟಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿದೆ. ಬಿಲ್ ಇಲ್ಲದೆ ಅಗ್ಗಕ್ಕೆ ಕೊಂಡ ಟ್ರೇ (ಡಬ್ಬಿ ಇಲ್ಲದ ಬಿಡಿ) ಪ್ರೊಸೆಸರ್ ಆದರೆ ಮಾರಿದವರನ್ನೇ ಕೇಳಬೇಕು.

ಬಯೋಸ್ ಹಾಕೋವಾಗ ಕರೆಂಟ್ ಹೋದ್ರೆ ಏನ್ರಿ ಗತಿ?

ನಮ್ಮ ಊರಿನಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಬಯೋಸ್ ಬರೆಯುವಾಗ ಚಿಪ್ ಮೊದಲು ಅಳಿಸುತ್ತದೆ, ಆಮೇಲೆ ಹೊಸದನ್ನು ಬರೆಯುತ್ತದೆ. ನಡುವೆ ಕರೆಂಟ್ ಹೋದರೆ ಅರ್ಧ ಬರೆದ ಬಯೋಸ್ ಉಳಿಯುತ್ತದೆ. ಬೋರ್ಡ್ ಏಳುವುದಿಲ್ಲ.

ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. 'ನನ್ನ ಹತ್ತಿರ ಇರೋದು ಸಣ್ಣ 600 ವಿಎ ಯುಪಿಎಸ್, ಗೇಮ್ ಆಡಿದರೆ ಕೂಗಿ ಬಂದ್ ಆಗುತ್ತೆ' ಎಂದು ಹಲವರು ಹೇಳುತ್ತಾರೆ. ಗೇಮ್‌ಗೆ ಸಾಲದಿದ್ದರೂ ಈ ಕೆಲಸಕ್ಕೆ ಸಾಕು. ಬಯೋಸ್ ಬರೆಯುವಾಗ ಗ್ರಾಫಿಕ್ಸ್ ಕಾರ್ಡ್ ಸುಮ್ಮನೆ ಕೂತಿರುತ್ತದೆ, ಒಟ್ಟು ಭಾರ ಕಡಿಮೆ. ಆದರೆ ಯುಪಿಎಸ್ ಬ್ಯಾಟರಿ ಜೀವಂತ ಇದೆಯಾ ನೋಡಿ. ಹಿಂದಿನ ದಿನ ಡೆಸ್ಕ್‌ಟಾಪ್ ತೆರೆದಿಟ್ಟು ಗೋಡೆಯ ಸ್ವಿಚ್ ಆಫ್ ಮಾಡಿ. ಐದು ನಿಮಿಷ ನಿಂತರೆ ಸರಿ. ತಕ್ಷಣ ಆಫ್ ಆದರೆ ಬ್ಯಾಟರಿ ಬದಲಿಸಿ, ಆಮೇಲೆ ಬಯೋಸ್ ಮಾತು. ಡಿಟಿಪಿ ಅಂಗಡಿಯವರು ಇನ್ನೊಂದು ಗಮನಿಸಿ: ಲೇಸರ್ ಪ್ರಿಂಟರ್ ಅದೇ ಯುಪಿಎಸ್‌ಗೆ ಸಿಕ್ಕಿಸಿದ್ದರೆ ತೆಗೆದಿಡಿ. ಅದರ ಹೀಟರ್ ಒಮ್ಮೆ ಎಳೆದರೆ ಸಣ್ಣ ಯುಪಿಎಸ್ ಕೈ ಎತ್ತುತ್ತದೆ.

ಮನೆಯ ಇನ್ವರ್ಟರ್ ಮೇಲೆ ಮಾಡಬಹುದಾ? ಎಸ್‌ಎಂಪಿಎಸ್ (ಪಿಸಿಯ ಪವರ್ ಸಪ್ಲೈ) ಒಳಗಿನ ಕೆಪಾಸಿಟರ್ ಸುಮಾರು 16 ಮಿಲಿಸೆಕೆಂಡ್ ಹಿಡಿದು ನಿಲ್ಲಬೇಕು, ಅದು ಅದರ ನಿಯಮ. ಇನ್ವರ್ಟರ್ ಅಷ್ಟರೊಳಗೆ ಬದಲಾದರೆ ಪಿಸಿಗೆ ಗೊತ್ತೇ ಆಗುವುದಿಲ್ಲ. ಹಲವು ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಎಂಬ ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿದ್ದರೆ ಬದಲಾವಣೆ ನಿಧಾನ, ಪಿಸಿ ರೀಸ್ಟಾರ್ಟ್ ಆಗುತ್ತದೆ. ಯುಪಿಎಸ್ ಮೋಡ್‌ಗೆ ಹಾಕಿ, ಒಮ್ಮೆ ಮೇನ್ ಸ್ವಿಚ್ ಆಫ್ ಮಾಡಿ ಪರೀಕ್ಷಿಸಿ, ಆಮೇಲೆ ಮುಂದುವರಿಯಿರಿ.

ಹೊತ್ತೂ ನೋಡಿಕೊಳ್ಳಿ. ಮೇ ತಿಂಗಳ ಸಂಜೆ ಗಾಳಿ ಎದ್ದು ಗುಡುಗು ಶುರುವಾದಾಗ ಬಯೋಸ್‌ಗೆ ಕೈ ಹಚ್ಚಬೇಡಿ. ಬೆಳಗ್ಗೆ ಬೇಗ ಮಾಡಿ. ಮರುದಿನ ಕೊಡಬೇಕಾದ ಕೆಲಸ ಇರುವಾಗಲೂ ಬೇಡ. ಮದುವೆ ಸೀಸನ್‌ನಲ್ಲಿ ಎಡಿಟಿಂಗ್ ಪಿಸಿಯ ಬಯೋಸ್ ಮುಟ್ಟುವುದು ನಮ್ಮ ಲೆಕ್ಕದಲ್ಲಿ ಮೊಂಡುತನ.

ಯಾವ ಫೈಲ್ ಇಳಿಸಬೇಕು? ಸೈಟಲ್ಲಿ ಹತ್ತಾರು ಇವೆ.

ಮೊದಲು ಬೋರ್ಡ್‌ನ ಪೂರ್ತಿ ಹೆಸರು ನೋಡಿ. ವಿಂಡೋಸ್‌ನ 'ಸಿಸ್ಟಮ್ ಇನ್‌ಫರ್ಮೇಶನ್'ನಲ್ಲಿ ಬೋರ್ಡ್ ಹೆಸರೂ ಈಗಿನ ಬಯೋಸ್ ಆವೃತ್ತಿಯೂ ಇರುತ್ತವೆ. ಬಿ450ಎಂ ಅಂದರೆ ಸಾಲದು. ಅದೇ ಹೆಸರಿನ ಹಿಂದೆ ಡಿಎಸ್3ಎಚ್, ಪ್ರೊ, ಮ್ಯಾಕ್ಸ್ ಅಂತ ಬಾಲಗಳು ಇರುತ್ತವೆ, ಪ್ರತಿಯೊಂದಕ್ಕೂ ಬಯೋಸ್ ಬೇರೆ. ಗಿಗಾಬೈಟ್ ಬೋರ್ಡ್ ಆದರೆ ರಿವಿಷನ್ ನಂಬರ್ ಕೂಡ ಬೇಕು. ಅದು ಬೋರ್ಡ್‌ನ ಒಂದು ಮೂಲೆಯಲ್ಲಿ ಚಿಕ್ಕದಾಗಿ ಮುದ್ರಿಸಿರುತ್ತದೆ, ಟಾರ್ಚ್ ಹಿಡಿದು ನೋಡಿ.

ಫೈಲನ್ನು ಬೋರ್ಡ್ ತಯಾರಿಸಿದ ಕಂಪನಿಯ ಸೈಟಿನಿಂದಲೇ ಇಳಿಸಿ. ಬೀಟಾ ಎಂದು ಬರೆದಿದ್ದರೆ ಬಿಡಿ. ಆವೃತ್ತಿಯ ಕೆಳಗಿನ ಟಿಪ್ಪಣಿಯನ್ನು ಓದಿ. 'ಮೊದಲು ಇಂತಹ ಆವೃತ್ತಿ ಹಾಕಿ, ಆಮೇಲೆ ಇದು' ಅಂತ ಇರಬಹುದು. 'ಇದನ್ನು ಹಾಕಿದರೆ ಹಿಂದಕ್ಕೆ ಹೋಗಲಾಗದು' ಅಂತಲೂ ಇರಬಹುದು. ಪೆನ್‌ಡ್ರೈವ್ ಎಫ್‌ಎಟಿ32ಗೆ ಫಾರ್ಮ್ಯಾಟ್ ಆಗಿರಲಿ. ವಿಂಡೋಸ್ ಒಳಗಿನಿಂದ ಬಯೋಸ್ ಬರೆಯುವ ಆ್ಯಪ್‌ಗಳೂ ಇವೆ, ನಾವು ಬಳಸುವುದಿಲ್ಲ. ವಿಂಡೋಸ್ ನಡುವೆ ಹ್ಯಾಂಗ್ ಆದರೆ ಕಥೆ ಮುಗಿಯಿತು. ಬಯೋಸ್ ಮೆನು ಒಳಗೇ ಅಪ್‌ಡೇಟ್ ಆಯ್ಕೆ ಇರುತ್ತದೆ, ಅದೇ ಒಳ್ಳೆಯದು.

ಬಿ450 ಬೋರ್ಡ್‌ಗೆ ರೈಜೆನ್ 5 5600 ಹಾಕಿದೆ. ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಇಲ್ಲ.

ಬಿ450 ಬೋರ್ಡ್ 2018ರದ್ದು, 5600 ಪ್ರೊಸೆಸರ್ 2022ರದ್ದು. ಹಳೆಯ ಬಯೋಸ್ ಇದ್ದರೆ ಡಿಸ್‌ಪ್ಲೇ ಬರುವುದಿಲ್ಲ. ಹಳೆಯ ಪ್ರೊಸೆಸರ್ ಕೈಯಲ್ಲಿದ್ದರೆ ಅದನ್ನೇ ಮತ್ತೆ ಹಾಕಿ, ಬಯೋಸ್ ಅಪ್‌ಡೇಟ್ ಮಾಡಿ, ಆಮೇಲೆ ಹೊಸದು ಕೂರಿಸಿ. ಮಾರಿಬಿಟ್ಟಿದ್ದರೆ ಬೋರ್ಡ್‌ನ ಹಿಂದೆ ಫ್ಲ್ಯಾಶ್ ಬಟನ್ ಇದೆಯಾ ನೋಡಿ. ಏಸಸ್ ಇದನ್ನು ಬಯೋಸ್ ಫ್ಲ್ಯಾಶ್‌ಬ್ಯಾಕ್ ಅನ್ನುತ್ತದೆ, ಗಿಗಾಬೈಟ್ ಕ್ಯೂ-ಫ್ಲ್ಯಾಶ್ ಪ್ಲಸ್, ಎಂಎಸ್‌ಐ ಫ್ಲ್ಯಾಶ್ ಬಯೋಸ್ ಬಟನ್. ಪ್ರೊಸೆಸರ್, ರ‍್ಯಾಮ್ ಏನೂ ಇಲ್ಲದೆ ಬರೀ ಎಸ್‌ಎಂಪಿಎಸ್ ಜೋಡಿಸಿದರೂ ಇದು ಬಯೋಸ್ ಬರೆಯುತ್ತದೆ. ಅಗ್ಗದ ಬೋರ್ಡ್‌ಗಳಲ್ಲಿ ಈ ಬಟನ್ ಇರುವುದಿಲ್ಲ. ಮುಂದೆ ಬೋರ್ಡ್ ಕೊಳ್ಳುವಾಗ ಆರ್‌ಜಿಬಿ ಲೈಟಿಗಿಂತ ಮೊದಲು ಈ ಬಟನ್ ಇದೆಯಾ ಅಂತ ಕೇಳಿ.

ಬಟನ್ ಒತ್ತಿದರೂ ಏನೂ ಆಗುತ್ತಿಲ್ಲ ಎಂಬ ದೂರಿಗೆ ಕಾರಣ ಬಹುತೇಕ ಫೈಲಿನ ಹೆಸರು. ಎಂಎಸ್‌ಐ ಬೋರ್ಡ್‌ಗೆ ಫೈಲಿನ ಹೆಸರು 'ಎಂಎಸ್‌ಐ' ಅಂತಲೇ ಇದ್ದು ಎಕ್ಸ್‌ಟೆನ್ಶನ್ 'ಆರ್‌ಒಎಂ' ಆಗಿರಬೇಕು. ಗಿಗಾಬೈಟ್‌ಗೆ 'ಗಿಗಾಬೈಟ್' ಹೆಸರು, 'ಬಿನ್' ಎಕ್ಸ್‌ಟೆನ್ಶನ್. ಏಸಸ್ ಫೈಲಿನ ಜೊತೆ ಹೆಸರು ಬದಲಿಸುವ ಪುಟ್ಟ ಪ್ರೋಗ್ರಾಂ ಬರುತ್ತದೆ, ಅದನ್ನು ಒತ್ತಿದರಾಯಿತು. ಪೆನ್‌ಡ್ರೈವ್ ಯಾವ ಯುಎಸ್‌ಬಿಗೆ ಸಿಕ್ಕಿಸಬೇಕು ಅನ್ನೋದೂ ನಿಗದಿ, ಆ ತೂತಿನ ಸುತ್ತ ಗೆರೆ ಅಥವಾ ಹೆಸರು ಬರೆದಿರುತ್ತದೆ. ದೀಪ ಮಿನುಗುವುದು ನಿಲ್ಲುವವರೆಗೆ ಮುಟ್ಟಬೇಡಿ.

ಇದೇ ಜಾಗದಲ್ಲಿ ಇನ್ನೊಂದು ಎಡವಟ್ಟು ನಡೆಯುತ್ತದೆ. ಮೊದಲು ರೈಜೆನ್ 3 3200ಜಿ ಇತ್ತು, ಎಚ್‌ಡಿಎಂಐ ಕೇಬಲ್ ಬೋರ್ಡ್‌ಗೆ ಸಿಕ್ಕಿಸಿತ್ತು. 5600ಗೆ ಒಳಗಿನ ಗ್ರಾಫಿಕ್ಸ್ ಇಲ್ಲ. ಕೇಬಲ್ ಕಾರ್ಡ್‌ಗೆ ಬದಲಿಸದಿದ್ದರೆ ಬಯೋಸ್ ಎಷ್ಟು ಹೊಸದಾದರೂ ಪರದೆ ಕಪ್ಪೇ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ ಅದೇ ಕಥೆ.

ಅಪ್‌ಡೇಟ್ ಪೂರ್ತಿ ಆಯ್ತು. ಈಗ ಆನ್ ಮಾಡಿದ್ರೆ ಪರದೆ ಕಪ್ಪು. ಕೆಡಿಸಿಬಿಟ್ಟೆನಾ?

ಮೊದಲು ಕಾಯಿರಿ. ಡಿಡಿಆರ್5 ಬೋರ್ಡ್ ಆದರೆ ಹೊಸ ಬಯೋಸ್ ರ‍್ಯಾಮನ್ನು ಮೊದಲಿನಿಂದ ಪಳಗಿಸಬೇಕು. ಕೆಲವು ನಿಮಿಷ ಹಿಡಿಯುತ್ತದೆ, ಅಷ್ಟೂ ಹೊತ್ತು ಪರದೆ ಕಪ್ಪಾಗೇ ಇರುತ್ತದೆ, ತಾನೇ ರೀಸ್ಟಾರ್ಟ್ ಕೂಡ ಆಗಬಹುದು. ಗಾಬರಿಯಲ್ಲಿ ಪವರ್ ಬಟನ್ ಒತ್ತಿ ಹಿಡಿದರೆ ಮತ್ತೆ ಮೊದಲಿನಿಂದ ಶುರು. ಚಹಾ ಕುಡಿದು ಬನ್ನಿ.

ಕಾಲು ಗಂಟೆಯಾದರೂ ಬರಲಿಲ್ಲ ಅಂದರೆ ಬೋರ್ಡ್ ಮೇಲಿನ ಪುಟ್ಟ ದೀಪಗಳನ್ನು ನೋಡಿ. ಸಿಪಿಯು, ಡಿರ‍್ಯಾಮ್, ವಿಜಿಎ (ಗ್ರಾಫಿಕ್ಸ್ ಕಾರ್ಡ್), ಬೂಟ್ ಎಂದು ನಾಲ್ಕು ಇರುತ್ತವೆ. ಯಾವುದು ಹತ್ತಿಕೊಂಡೇ ಉಳಿಯುತ್ತದೋ ಅಲ್ಲಿ ತೊಂದರೆ. ಆಮೇಲೆ ಪವರ್ ಕೇಬಲ್ ಕಿತ್ತು, ಬೋರ್ಡ್ ಮೇಲಿನ ದುಂಡನೆಯ ಸಿಆರ್2032 ಸೆಲ್ ತೆಗೆದು, ಕ್ಯಾಬಿನೆಟ್‌ನ ಪವರ್ ಬಟನನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಐದು ನಿಮಿಷ ಬಿಟ್ಟು ಸೆಲ್ ಹಾಕಿ. ಒಂದೇ ರ‍್ಯಾಮ್ ಇಟ್ಟು ಆನ್ ಮಾಡಿ. ಬಯೋಸ್ ಕೆಟ್ಟಿದೆ ಎಂದು ಬಂದ ಬೋರ್ಡ್‌ಗಳಲ್ಲಿ ಎಷ್ಟೋ ಇಷ್ಟಕ್ಕೇ ಎದ್ದು ಕೂರುತ್ತವೆ.

ಬಯೋಸ್ ಲೋಗೊ ಬರುತ್ತೆ, ವಿಂಡೋಸ್ ಬರಲ್ಲ. ನೀಲಿ ಪರದೆ ಮೇಲೆ ಯಾವುದೋ ಕೀ ಕೇಳ್ತಿದೆ.

ಅದು ಬಿಟ್‌ಲಾಕರ್. ಡಿಸ್ಕ್ ಬೀಗ ಹಾಕಿಕೊಂಡಿದೆ, ಬಯೋಸ್ ಬದಲಾದ್ದರಿಂದ ನಿಮ್ಮ ಮೇಲೆ ಅನುಮಾನ ಪಡುತ್ತಿದೆ. 48 ಅಂಕಿಗಳ ರಿಕವರಿ ಕೀ ಬೇಕು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ ಮೊಬೈಲ್‌ನಲ್ಲಿ ಅದೇ ಖಾತೆ ತೆರೆದು ನೋಡಿ, ಸಾಮಾನ್ಯವಾಗಿ ಅಲ್ಲಿ ಸಿಗುತ್ತದೆ. ಆ ಖಾತೆ ಯಾರ ಇಮೇಲ್‌ನದ್ದು ಅಂತ ಮರೆತವರ ಡೇಟಾ ನಾವೂ ತೆಗೆಯಲಾರೆವು, ಬೇರೆ ಯಾರೂ ತೆಗೆಯಲಾರರು. ಅದಕ್ಕೇ ಬಯೋಸ್ ಮುಟ್ಟುವ ಮೊದಲು ಕೀ ಬರೆದಿಟ್ಟುಕೊಂಡು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಎಎಂಡಿ ಬೋರ್ಡ್‌ಗಳಲ್ಲಿ ಎಫ್‌ಟಿಪಿಎಂ (ಬಿಟ್‌ಲಾಕರ್ ಬೀಗದ ಗುರುತು ಇಟ್ಟುಕೊಳ್ಳುವ ಭದ್ರತಾ ಭಾಗ) ರೀಸೆಟ್ ಮಾಡಲಾ, ವೈ ಅಥವಾ ಎನ್ ಒತ್ತಿ ಎಂದು ಕೇಳಬಹುದು. ಕೀ ಕೈಯಲ್ಲಿಲ್ಲದೆ ವೈ ಒತ್ತಬೇಡಿ.

ಕೀ ಕೇಳದೆ ಸುಮ್ನೆ ಬಯೋಸ್ ಮೆನುಗೇ ವಾಪಸ್ ಹೋಗುತ್ತಿದ್ದರೆ ಕಾರಣ ಬೇರೆ. ಅಪ್‌ಡೇಟ್ ಆದ ಮೇಲೆ ಎಲ್ಲ ಸೆಟ್ಟಿಂಗ್ ಫ್ಯಾಕ್ಟರಿಯಿಂದ ಬಂದಾಗಿನಂತಾಗುತ್ತವೆ. ಹಳೆಯ ಎಂಬಿಆರ್ ವಿಧಾನದ ಡಿಸ್ಕ್ ಇದ್ದರೆ ಹಳೆಯ ರೀತಿ ಬೂಟ್ ಮಾಡುವ ಸಿಎಸ್‌ಎಂ ಆನ್ ಇರಬೇಕು, ಹೊಸ ಬಯೋಸ್ ಅದನ್ನು ಆಫ್ ಮಾಡಿರುತ್ತದೆ. ಇಂಟೆಲ್ ಬೋರ್ಡ್‌ನಲ್ಲಿ ವಿಎಂಡಿ (ಡಿಸ್ಕ್‌ಗಳನ್ನು ಇಂಟೆಲ್ ನಿಯಂತ್ರಕದ ಕೆಳಗೆ ತರುವ ಸೆಟ್ಟಿಂಗ್) ಆನ್ ಆಗಿ ಎಸ್‌ಎಸ್‌ಡಿ ಕಾಣೆಯಾಗುವುದೂ ಉಂಟು. ಎಕ್ಸ್‌ಎಂಪಿಯೂ (ಮೆಮೊರಿಯನ್ನು ಅದರ ಮೇಲೆ ಬರೆದ ವೇಗಕ್ಕೆ ಓಡಿಸುವ ಆಯ್ಕೆ) ಆಫ್ ಆಗಿರುತ್ತದೆ, ಹಾಗಾಗಿ 3200ರ ರ‍್ಯಾಮ್ 2133 ಅಥವಾ 2400ಕ್ಕೆ ಇಳಿದಿರುತ್ತದೆ. 'ಬಯೋಸ್ ಹಾಕಿದ ಮೇಲೆ ಪಿಸಿ ಸ್ಲೋ ಆಯ್ತು' ಎನ್ನುವ ದೂರಿನ ಹಿಂದೆ ಬಹುತೇಕ ಇದೇ ಇರುತ್ತದೆ. ಅಪ್‌ಡೇಟ್‌ಗೆ ಮೊದಲು ಬಯೋಸ್‌ನ ಎಲ್ಲ ಪುಟಗಳನ್ನೂ ಮೊಬೈಲ್‌ನಲ್ಲಿ ಫೋಟೊ ಹೊಡೆದುಕೊಂಡರೆ ಈ ಹುಡುಕಾಟವೇ ಇಲ್ಲ.

ಬೋರ್ಡ್ ಪೂರ್ತಿ ಸತ್ತಿದೆ. ಬಿಸಾಡಬೇಕಾ?

ಬೇಡ. ಫ್ಲ್ಯಾಶ್ ಬಟನ್ ಇದ್ದರೆ ಅದರಿಂದಲೇ ಬದುಕುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಎರಡನೇ ಬಯೋಸ್ ಚಿಪ್ ಇರುತ್ತದೆ. ಎರಡೂ ಇಲ್ಲದಿದ್ದರೆ ಸಿಎಚ್341ಎ ಎಂಬ ಪುಟ್ಟ ಪ್ರೋಗ್ರಾಮರ್‌ನಿಂದ ಚಿಪ್‌ಗೆ ನೇರವಾಗಿ ಬರೆಯಬಹುದು. ಬೋರ್ಡ್ ರಿಪೇರಿ ಮಾಡುವವರ ಬಳಿ ಇದು ಇರುತ್ತದೆ. ಮನೆಯಲ್ಲೇ ಮಾಡುವ ಉತ್ಸಾಹ ಇದ್ದರೆ ಮೊದಲು ಚಿಪ್ ಮೇಲಿನ ನಂಬರ್ ಓದಿ. 1.8 ವೋಲ್ಟ್ ಚಿಪ್‌ಗೆ 3.3 ವೋಲ್ಟ್ ಕೊಟ್ಟರೆ ಅದು ಸುಡಬಹುದು. ವಾರಂಟಿ ಇದ್ದರೆ ಏನನ್ನೂ ಬಿಚ್ಚದೆ ಸರ್ವಿಸ್ ಸೆಂಟರ್‌ಗೆ ಕಳಿಸಿ.

ಗ್ರಾಫಿಕ್ಸ್ ಡ್ರೈವರ್ ಎಲ್ಲಿಂದ ಹಾಕಬೇಕು? 'ಡ್ರೈವರ್ ಅಪ್‌ಡೇಟರ್' ಸಾಫ್ಟ್‌ವೇರ್ ಒಳ್ಳೆಯದಾ?

ಒಳ್ಳೆಯದಲ್ಲ. ಒಂದೇ ಕ್ಲಿಕ್‌ನಲ್ಲಿ ಎಲ್ಲ ಡ್ರೈವರ್ ಅಂತ ಹೇಳುವ ಸಾಫ್ಟ್‌ವೇರ್ ತೆಗೆದುಹಾಕಿ. ಎನ್‌ವಿಡಿಯಾ, ಎಎಂಡಿ, ಇಂಟೆಲ್ ಮೂವರ ಸೈಟಿನಲ್ಲೂ ಡ್ರೈವರ್ ಉಚಿತ. ಎನ್‌ವಿಡಿಯಾದಲ್ಲಿ ಗೇಮ್ ರೆಡಿ, ಸ್ಟುಡಿಯೊ ಎಂದು ಎರಡು ಇವೆ. ಪ್ರೀಮಿಯರ್, ಡಾವಿಂಚಿ, ಫೋಟೊಶಾಪ್ ಕೆಲಸದವರು ಸ್ಟುಡಿಯೊ ಹಾಕಿ. ಅದು ಅಷ್ಟು ಬೇಗ ಬೇಗ ಬದಲಾಗುವುದಿಲ್ಲ, ಸೃಜನಶೀಲ ಸಾಫ್ಟ್‌ವೇರ್‌ಗಳ ಜೊತೆ ಹೆಚ್ಚು ಪರೀಕ್ಷೆ ಆಗಿರುತ್ತದೆ. ಕೋರಲ್‌ಡ್ರಾ, ನುಡಿ, ಪೇಜ್‌ಮೇಕರ್ ಅಷ್ಟೇ ಬಳಸುವ ಅಂಗಡಿಗೆ ಹೊಸ ಡ್ರೈವರ್‌ನಿಂದ ಏನೂ ಲಾಭ ಇಲ್ಲ. ಇರುವುದನ್ನು ಇರಲು ಬಿಡಿ.

ಹೊಸ ಡ್ರೈವರ್ ಬಂದ ದಿನವೇ ಹಾಕುವುದೂ ಬೇಡ. 2025ರ ಮೊದಲ ತಿಂಗಳುಗಳಲ್ಲಿ ಆರ್‌ಟಿಎಕ್ಸ್ 50 ಸರಣಿ ಬಂದಾಗ ಎನ್‌ವಿಡಿಯಾ ಡ್ರೈವರ್‌ಗಳಲ್ಲಿ ಕಪ್ಪು ಪರದೆಯ ಕಾಟ ಜೋರಾಗಿತ್ತು. ಒಂದರ ಹಿಂದೆ ಒಂದು ಹಾಟ್‌ಫಿಕ್ಸ್ ಬಂದವು. ಎರಡು ವಾರ ತಡೆದವರಿಗೆ ನಷ್ಟವೇನೂ ಆಗಲಿಲ್ಲ.

ಹೊಸ ಡ್ರೈವರ್ ಹಾಕಿದ ಮೇಲೆ ಕಪ್ಪು ಪರದೆ, ಮಿನುಗು, ಕೋಡ್ 43. ಏನು ಮಾಡಲಿ?

ಕೋಡ್ 43 ಅಂದರೆ ತೊಂದರೆ ಕಂಡು ವಿಂಡೋಸ್ ಆ ಕಾರ್ಡನ್ನು ನಿಲ್ಲಿಸಿದೆ ಎಂಬ ಸಂದೇಶ. ಪರದೆ ಒಮ್ಮೆ ಹ್ಯಾಂಗ್ ಆಗಿದ್ದರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಡ್ರೈವರ್ ಮತ್ತೆ ಶುರುವಾಗುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡ್ ಮೇಲೆ ಡಬಲ್ ಕ್ಲಿಕ್ ಮಾಡಿ, 'ಡ್ರೈವರ್' ಟ್ಯಾಬ್‌ನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಇದೆಯಾ ನೋಡಿ. ಇದ್ದರೆ ಅದೇ ಸುಲಭದ ದಾರಿ.

ಅದರಿಂದ ಆಗದಿದ್ದರೆ ಡಿಡಿಯು, ಅಂದರೆ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್. ಎನ್‌ವಿಡಿಯಾ ತೆಗೆದು ಎಎಂಡಿ ಕಾರ್ಡ್ ಹಾಕಿದವರಿಗೂ ಇದೇ ಮದ್ದು. ಕ್ರಮ ತಪ್ಪಿಸಬೇಡಿ. ಮೊದಲು ಬೇಕಾದ ಡ್ರೈವರ್ ಇಳಿಸಿ ಇಟ್ಟುಕೊಳ್ಳಿ. ಆಮೇಲೆ ಇಂಟರ್ನೆಟ್ ಕಿತ್ತುಬಿಡಿ, ಲ್ಯಾನ್ ಕೇಬಲ್, ವೈಫೈ ಎರಡೂ. ಸೇಫ್ ಮೋಡ್‌ಗೆ ಹೋಗಿ ಡಿಡಿಯು ನಡೆಸಿ, ಹಳೆಯದನ್ನು ಪೂರ್ತಿ ಅಳಿಸಿ. ರೀಸ್ಟಾರ್ಟ್ ಆದ ಮೇಲೆ ಇಳಿಸಿಟ್ಟ ಡ್ರೈವರ್ ಹಾಕಿ. ಕೊನೆಗೆ ಇಂಟರ್ನೆಟ್. ಇಂಟರ್ನೆಟ್ ಕೀಳುವುದನ್ನು ಮರೆತರೆ ನೀವು ಅಳಿಸಿ ಮುಗಿಸುವಷ್ಟರಲ್ಲಿ ವಿಂಡೋಸ್ ತನಗೆ ತೋಚಿದ ಡ್ರೈವರ್ ತಂದು ಹಾಕಿಬಿಡುತ್ತದೆ.

ಹಾಗಂತ ಪ್ರತಿ ಅಪ್‌ಡೇಟ್‌ಗೂ ಡಿಡಿಯು ಬೇಡ. ಅದು ಕೆಟ್ಟಾಗ ಮಾತ್ರ. ಹೊಸ ಡ್ರೈವರ್ ಹಾಕಿದ ಮೇಲೆ ಗೇಮ್ ಮೊದಲ ಸಲ ತಡವರಿಸಿದರೆ ಅದೂ ತೊಂದರೆ ಅಲ್ಲ. ಶೇಡರ್‌ಗಳು ಮತ್ತೆ ತಯಾರಾಗುತ್ತಿರುತ್ತವೆ, ಸ್ವಲ್ಪ ಆಡಿದ ಮೇಲೆ ಸರಿಹೋಗುತ್ತದೆ.

ನಾನು ಹಾಕಿದ ಎಎಂಡಿ ಡ್ರೈವರನ್ನು ವಿಂಡೋಸ್ ಅಪ್‌ಡೇಟ್ ಬದಲಿಸ್ತಾ ಇದೆ.

ವಿಂಡೋಸ್‌ನ 'ಡಿವೈಸ್ ಇನ್‌ಸ್ಟಾಲೇಶನ್ ಸೆಟ್ಟಿಂಗ್ಸ್'ನಲ್ಲಿ 'ನೋ' ಆರಿಸಿ. ಆಮೇಲೆ ಎಎಂಡಿ ಡ್ರೈವರ್ ಮತ್ತೆ ಹಾಕಿ.

ಕಾರ್ಡ್ ಹಳೆಯದು. ಹೊಸ ಡ್ರೈವರ್ 'ಹಾರ್ಡ್‌ವೇರ್ ಹೊಂದಿಕೆಯಾಗಲ್ಲ' ಅನ್ನುತ್ತೆ.

ಕಾಲ ಮುಗಿದಿರುತ್ತದೆ. ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಕಾಣುವ ಜಿಟಿ 710 ಕೆಪ್ಲರ್ ಕಾಲದ ಕಾರ್ಡ್. ಅದಕ್ಕೆ ಗೇಮ್ ರೆಡಿ ಡ್ರೈವರ್ 2021ಕ್ಕೆ ನಿಂತಿತು, ಭದ್ರತಾ ಅಪ್‌ಡೇಟ್ 2024ರ ಸೆಪ್ಟೆಂಬರ್‌ಗೆ ಮುಗಿಯಿತು. ಜಿಟಿಎಕ್ಸ್ 750 ಟಿಐ, 970, 1050 ಟಿಐ, 1060 ಇವೆಲ್ಲ 580 ಸರಣಿಯ ಡ್ರೈವರ್‌ಗೆ ನಿಂತಿವೆ. 2025ರ ಅಕ್ಟೋಬರ್ ನಂತರ ಇವಕ್ಕೆ 2028ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಮಾತ್ರ. ಜಿಟಿಎಕ್ಸ್ 1650 ಈ ಪಟ್ಟಿಯಲ್ಲಿ ಇಲ್ಲ, ಅದು ನಂತರದ ತಲೆಮಾರು. ಡ್ರೈವರ್ ನಿಂತಿತು ಅಂದ ಮಾತ್ರಕ್ಕೆ ಕಾರ್ಡ್ ಬಿಸಾಡಬೇಕಿಲ್ಲ. ನಿಮ್ಮ ಕಾರ್ಡ್‌ನ ಕೊನೆಯ ಡ್ರೈವರನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ.

ಸೆಕೆಂಡ್‌ಹ್ಯಾಂಡ್ ಕಾರ್ಡ್ ತಂದೆ. ಹಳೆಯ ಡ್ರೈವರ್ ನಡೆಯುತ್ತೆ, ಹೊಸದು ಹಾಕಿದ್ರೆ ಡಿಸ್‌ಪ್ಲೇ ಹೋಗುತ್ತೆ.

ಇಲ್ಲಿ ಡ್ರೈವರನ್ನು ಬೈದು ಪ್ರಯೋಜನ ಇಲ್ಲ, ಕಾರ್ಡನ್ನು ಪರೀಕ್ಷಿಸಿ. ಜಿಪಿಯು-ಝಡ್ ಎಂಬ ಉಚಿತ ಪ್ರೋಗ್ರಾಂ ತೆರೆಯಿರಿ. ಹಳೆಯ ಜಿಟಿಎಸ್ 450 ತರಹದ ಕಾರ್ಡ್‌ಗೆ ಸುಳ್ಳು ಬಯೋಸ್ ಬರೆದು 1050 ಟಿಐ ಅಂತ ಮಾರುವ ದಂಧೆ ಬಹಳ ಕಾಲದಿಂದ ಇದೆ. ಅಂತಹ ಕಾರ್ಡ್‌ನ ಹೆಸರಿಗೆ ಮೊದಲು ಜಿಪಿಯು-ಝಡ್ 'ಫೇಕ್' ಎಂದು ತೋರಿಸುತ್ತದೆ. ಮಾರಾಟಗಾರ ಕೊಟ್ಟ ಸಿಡಿಯ ಡ್ರೈವರ್ ಬಿಟ್ಟು ಬೇರೆ ಡ್ರೈವರ್ ಹಾಕಬೇಡಿ ಎಂದು ಯಾರಾದರೂ ಹೇಳಿದರೆ ಅಲ್ಲೇ ಅರ್ಥ ಮಾಡಿಕೊಳ್ಳಿ.

ಆರ್‌ಎಕ್ಸ್ 570, 580 ಆದರೆ ಮೈನಿಂಗ್‌ನಲ್ಲಿ ದುಡಿದು ಬಂದಿರಬಹುದು. ಮೈನಿಂಗ್‌ನವರು ಕಾರ್ಡ್‌ನ ಬಯೋಸ್ ತಿದ್ದಿರುತ್ತಾರೆ, ಎಎಂಡಿ ಡ್ರೈವರ್ ಅದನ್ನು ಒಪ್ಪದೆ ಕೋಡ್ 43 ಕೊಡುತ್ತದೆ. ಅದೇ ಕಂಪನಿಯ, ಅದೇ ಮೆಮೊರಿಯ ಮೂಲ ಬಯೋಸ್ ಮತ್ತೆ ಬರೆದರೆ ಸರಿಹೋಗುತ್ತದೆ. ಕೆಲವು ಕಾರ್ಡ್‌ಗಳಲ್ಲಿ ಬಯೋಸ್ ಬದಲಿಸುವ ಪುಟ್ಟ ಸ್ವಿಚ್ ಇರುತ್ತದೆ. ಮೊದಲು ಅದನ್ನು ಆ ಕಡೆ ತಳ್ಳಿ ನೋಡಿ, ಪಿಸಿ ಆಫ್ ಮಾಡಿಯೇ.

ಹಾಗಾದ್ರೆ ಗ್ರಾಫಿಕ್ಸ್ ಕಾರ್ಡ್‌ನ ಬಯೋಸ್ ಕೂಡ ಅಪ್‌ಡೇಟ್ ಮಾಡ್ತಾ ಇರಬೇಕಾ?

ಬೇಡ. ತಯಾರಕರೇ ಹೇಳಿದಾಗ ಮಾತ್ರ. 2021ರಲ್ಲಿ ಆರ್‌ಟಿಎಕ್ಸ್ 3060 ಟಿಐ, 3070, 3080 ಕಾರ್ಡ್‌ಗಳಿಗೆ ರೀಸೈಜಬಲ್ ಬಾರ್ ಕೊಡಲು ಬಂದ ಅಪ್‌ಡೇಟ್ ಅಂಥದ್ದು. 2025ರಲ್ಲಿ ಆರ್‌ಟಿಎಕ್ಸ್ 5060 ಸರಣಿಯಲ್ಲಿ ರೀಸ್ಟಾರ್ಟ್ ಮಾಡಿದರೆ ಪರದೆ ಕಪ್ಪಾಗುವುದಕ್ಕೆ ಎನ್‌ವಿಡಿಯಾ ಕೊಟ್ಟ ಫರ್ಮ್‌ವೇರ್ ಟೂಲ್ ಇನ್ನೊಂದು.

ಚಳಿಗಾಲದಲ್ಲಿ ಸರಿ ಇತ್ತು. ಏಪ್ರಿಲ್ ಬಂದ ಮೇಲೆ ಡ್ರೈವರ್ ಕ್ರ್ಯಾಶ್ ಆಗ್ತಿದೆ. ಯಾವ ಡ್ರೈವರ್ ಹಾಕಲಿ?

ಯಾವುದನ್ನೂ ಹಾಕಬೇಡಿ, ಮೊದಲು ಕ್ಯಾಬಿನೆಟ್ ಬಾಗಿಲು ತೆಗೆಯಿರಿ. ನಮ್ಮ ಕಡೆ ಬೇಸಿಗೆಯಲ್ಲಿ ಹೊರಗೆ 42 ಡಿಗ್ರಿ ದಾಟುತ್ತದೆ. ಪತ್ರಾಸ್ ಮನೆಯ ಮೇಲಿನ ಕೋಣೆಯಲ್ಲಿ ಇನ್ನೂ ಜಾಸ್ತಿ. ಕ್ಯಾಬಿನೆಟ್ ಒಳಗೆ ಹೋಗುವ ಗಾಳಿಯೇ ಬಿಸಿ ಇದ್ದರೆ ಫ್ಯಾನ್ ಏನು ಮಾಡೀತು? ಗ್ರಾಫಿಕ್ಸ್ ಕಾರ್ಡ್ ಎರಡು ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ನಿಲ್ಲಿಸಿ ಮತ್ತೆ ಶುರು ಮಾಡುತ್ತದೆ. ಈವೆಂಟ್ ವ್ಯೂವರ್‌ನಲ್ಲಿ 4101 ಎಂದು ದಾಖಲಾಗುತ್ತದೆ. ಸಂದೇಶದಲ್ಲಿ ಡ್ರೈವರ್ ಹೆಸರು ಇರುವುದರಿಂದ ಎಲ್ಲರೂ ಡ್ರೈವರನ್ನೇ ಹಿಡಿದುಕೊಳ್ಳುತ್ತಾರೆ.

ಬೇರ್ಪಡಿಸುವುದು ಹೀಗೆ. ಗೇಮ್ ಅಥವಾ ರೆಂಡರ್ ಶುರು ಮಾಡಿದ ಕೂಡಲೇ, ಬೆಳಗ್ಗೆಯೂ ಮಧ್ಯಾಹ್ನವೂ ಒಂದೇ ರೀತಿ ಬಿದ್ದರೆ ಡ್ರೈವರ್ ಇರಬಹುದು. ಅರ್ಧ ಗಂಟೆ ನಡೆದು, ಮಧ್ಯಾಹ್ನ ಮಾತ್ರ ಬಿದ್ದರೆ ಬಿಸಿ. ಕ್ರ್ಯಾಶ್ ಸಂದೇಶವೇ ಇಲ್ಲದೆ ಇಡೀ ಪಿಸಿ ರೀಸ್ಟಾರ್ಟ್ ಆಗಿ, ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಮಾತ್ರ ಇದ್ದರೆ ಎಸ್‌ಎಂಪಿಎಸ್ ಅಥವಾ ಮನೆಯ ವೋಲ್ಟೇಜ್ ನೋಡಿ. ಕಾರ್ಡ್ ಸ್ಲಾಟ್‌ನಿಂದ 75 ವ್ಯಾಟ್‌ವರೆಗೆ, ಒಂದು 8 ಪಿನ್ ಕೇಬಲ್‌ನಿಂದ 150 ವ್ಯಾಟ್‌ವರೆಗೆ ಎಳೆಯಬಹುದು. ಹೆಸರಿಲ್ಲದ ಕಂಪನಿಯ '500 ವ್ಯಾಟ್' ಎಸ್‌ಎಂಪಿಎಸ್ ಅದನ್ನು ತಡೆಯುತ್ತದೆ ಎಂದು ನಂಬಬೇಡಿ.

ಧೂಳು ಇನ್ನೊಂದು. ದಾಲ್ ಮಿಲ್ ಹತ್ತಿರದ ಅಂಗಡಿಯಿಂದ ಬರುವ ಕ್ಯಾಬಿನೆಟ್‌ಗಳ ಹೀಟ್‌ಸಿಂಕ್ ತೆರೆದರೆ ಹಳದಿ ಹೊಟ್ಟಿನ ಪದರ. ಶಹಾಬಾದ್, ಸೇಡಂ ಕಡೆಯಿಂದ ಬಂದವುಗಳಲ್ಲಿ ಕಲ್ಲಿನ ಬಿಳಿ ಪುಡಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿಯಿರಿ. ಮತ್ತೆ, ನೀರು ಹಾಕುವ ಕೂಲರನ್ನು ಕ್ಯಾಬಿನೆಟ್ ಕಡೆಗೆ ತಿರುಗಿಸಿ ಇಡುವವರಿದ್ದಾರೆ. ತಂಪು ನಿಮಗೆ ಬರಲಿ, ಪಿಸಿಗೆ ಆ ತೇವ ಬೇಡ.

ಸೆಕ್ಯೂರ್ ಬೂಟ್ ಸರ್ಟಿಫಿಕೇಟ್ 2026ಕ್ಕೆ ಮುಗಿಯುತ್ತೆ ಅಂತಾರೆ. ಪಿಸಿ ನಿಂತುಹೋಗುತ್ತಾ?

ನಿಲ್ಲುವುದಿಲ್ಲ. ಸೆಕ್ಯೂರ್ ಬೂಟ್ ಅಂದರೆ ಪಿಸಿ ಏಳುವಾಗ ನಂಬಿಕೆಯ ಸಹಿ ಇರುವ ಸಾಫ್ಟ್‌ವೇರನ್ನು ಮಾತ್ರ ಬಿಡುವ ಕಾವಲು. ಮೈಕ್ರೋಸಾಫ್ಟ್‌ನ 2011ರ ಸರ್ಟಿಫಿಕೇಟ್‌ಗಳ ಅವಧಿ 2026ರ ಜೂನ್‌ನಿಂದ ಮುಗಿಯುತ್ತಾ ಹೋಗುತ್ತದೆ. ಹೊಸ ಸರ್ಟಿಫಿಕೇಟ್ ವಿಂಡೋಸ್ ಅಪ್‌ಡೇಟ್ ಮೂಲಕ ಬರುತ್ತದೆ, ಕೆಲವು ಬೋರ್ಡ್‌ಗೆ ಬಯೋಸ್ ಅಪ್‌ಡೇಟೂ ಬೇಕಾಗಬಹುದು. ಸಿಗದಿದ್ದರೂ ಪಿಸಿ ಆನ್ ಆಗುತ್ತದೆ, ಬೂಟ್‌ಗೆ ಸಂಬಂಧಿಸಿದ ಹೊಸ ಭದ್ರತಾ ಅಪ್‌ಡೇಟ್ ಸಿಗುವುದಿಲ್ಲ ಅಷ್ಟೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಹೋಗುವವರು ಬಯೋಸ್‌ನಲ್ಲಿ ಟಿಪಿಎಂ ಆನ್ ಮಾಡಿ. ಇಂಟೆಲ್‌ನಲ್ಲಿ ಅದು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ.

ಉಬುಂಟು ಹಾಕಿದ್ದೇನೆ. ಎನ್‌ವಿಡಿಯಾ ಡ್ರೈವರ್ ಹಾಕಿದ ಮೇಲೆ ಕಾರ್ಡ್ ಸಿಗ್ತಿಲ್ಲ.

ಬಹುಶಃ ಸೆಕ್ಯೂರ್ ಬೂಟ್ ಆನ್ ಆಗಿದೆ. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿರುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂದು 'ಎನ್‌ರೋಲ್ ಎಂಒಕೆ', ಅಂದರೆ ಈ ಡ್ರೈವರ್‌ನ ಸಹಿಯನ್ನು ನಂಬಲಾ, ಎಂದು ಕೇಳುತ್ತದೆ. ಅಲ್ಲಿ ಸುಮ್ನೆ ಕಂಟಿನ್ಯೂ ಒತ್ತಿದರೆ ಡ್ರೈವರ್ ಲೋಡ್ ಆಗುವುದಿಲ್ಲ. ಎನ್‌ರೋಲ್ ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಡ್ರೈವರನ್ನು 'ಅಡಿಷನಲ್ ಡ್ರೈವರ್ಸ್'ನಿಂದಲೇ ಹಾಕಿ, ಎನ್‌ವಿಡಿಯಾ ಸೈಟಿನ ಫೈಲ್ ಬೇಡ. ಉಬುಂಟುವಿನ ತಿರುಳಾದ ಕರ್ನಲ್ ಬದಲಾದಾಗ ಆ ಫೈಲ್ ಕೈ ಕೊಡುತ್ತದೆ.

ಏನು ಮಾಡಿದ್ರೂ ಆಗ್ಲಿಲ್ಲ. ನಿಮ್ಮ ಹತ್ತಿರ ತರೋವಾಗ ಏನೇನು ತರಬೇಕು?

ಕ್ಯಾಬಿನೆಟ್ ಒಂದೇ ಸಾಕು. ಮಾನಿಟರ್, ಕೀಬೋರ್ಡ್ ಬೇಡ. ಬೋರ್ಡ್ ಮತ್ತು ಕಾರ್ಡ್‌ನ ಬಿಲ್, ಇದ್ದರೆ ಡಬ್ಬಿ ತನ್ನಿ. ಕೊನೆಗೆ ಏನು ಬದಲಿಸಿದಿರಿ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಬಯೋಸ್, ಡ್ರೈವರ್, ರ‍್ಯಾಮ್ ಮೂರನ್ನೂ ಒಂದೇ ದಿನ ಬದಲಿಸಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ, ನಮಗೆ ಹುಡುಕುವ ಹೊತ್ತು ಉಳಿಯುತ್ತದೆ. ಬಿಟ್‌ಲಾಕರ್ ಕೀ ಫೋನಿನಲ್ಲಿ ಇರಲಿ. ಆಳಂದ, ಜೇವರ್ಗಿ, ಚಿತ್ತಾಪುರ ಕಡೆಯಿಂದ ಬಸ್ಸಿನಲ್ಲಿ ತರುವವರು ದಪ್ಪ ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಬೇರೆಯಾಗಿ ತನ್ನಿ. ರಸ್ತೆಯ ಕುಲುಕಾಟಕ್ಕೆ ಸ್ಲಾಟ್ ಕಿತ್ತು ಬಂದರೆ ಬಯೋಸ್ ತಕರಾರಿಗಿಂತ ಅದರ ಖರ್ಚೇ ಜಾಸ್ತಿ.